ಸದಲಗಾದ ಪಂಡಿತರೂ ನನ್ನ ನೀರಿನ ದಫ್ತರವೂ

‘ನಮ್ಮ ಭಾಗದಲ್ಲಿ ವಿದ್ವತ್ ಸಂಶೋಧನೆ’ ಎಂಬ ವಿಷಯವನ್ನು ಬಾನುಲಿಯ ಮಿತ್ರರು ನನಗೆ ಒಪ್ಪಿಸಿದ್ದಾರೆಂದು ತಿಳಿಸಿದಾಗ ನನ್ನ ಹಳೆಯ ಗೆಳೆಯರೊಬ್ಬರು ನಕ್ಕುಬಿಟ್ಟರು. “ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕು ತಿರುಗಿ ಬರ್ರಿ. ಕಬ್ಬು ಅದ, ತಂಬಾಕು ಅದ, ಚಪ್ಪಲಿ ಅದ. ಸಂಶೋಧನಾ ಎಲ್ಲಿಂದ ತರ್ತೀರಿ?” ಎಂದರು. ನಾನೂ ಅವರೊಡನೆ ನಕ್ಕೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಭಾಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಆ ನಗೆಯಲ್ಲಿ ನನ್ನ ಪಾಲೂ ಇತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆದ್ದರಿಂದ ಒಂದು ಸೋಲಿನ ಕಥೆಯಿಂದಲೇ ಆರಂಭಿಸುತ್ತೇನೆ.

ನಿವೃತ್ತನಾದ ಮೇಲೆ ಒಂದು ಮುಂಜಾನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದರು. ಕೃಷ್ಣಾ ದಂಡೆಯ ಹಳ್ಳಿಯವರು, ಒಕ್ಕಲುತನದವರು. ಚಹ ಕುಡಿದು, ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಬಾಯಿಬಿಟ್ಟರು: “ಸರ, 1987ನೇ ಇಸ್ವಿಯೊಳಗ ನಿಮ್ಮ ಕೈಯಾಗ ಕಲಿಯೂಮುಂದ ನಮ್ಮ ಬಾವಿ ನೀರು ಬಾಟ್ಲಿಯೊಳಗ ತಂದು ಕೊಟ್ಟಿದ್ದೆ. ನೀವು ಮಷೀನಿಗೆ ಹಚ್ಚಿ ನೋಡಿದ್ರಿ. ಆ ಲೆಕ್ಕ ನಿಮ್ಮ ದಫ್ತರದಾಗ ಇರಬೇಕಲ್ರೀ?”

ಅವರ ಮನೆಯಲ್ಲಿ ಅಣ್ಣತಮ್ಮಂದಿರ ವಾಟಣಿ ನಡೆದಿತ್ತು. ತಗ್ಗಿನ ಹೊಲ ಇವರ ಪಾಲಿಗೆ ಬರುವುದಿತ್ತು. ಆ ಹೊಲ ಈಗ ಸವಳು ಹಿಡಿದು ಬೆಳ್ಳಗಾಗಿದೆ. ಅಣ್ಣ ಹೇಳುವುದು: ಆ ಬಾವಿಯ ನೀರು ಮೊದಲಿನಿಂದಲೂ ಉಪ್ಪು, ನೆಲವೂ ಮೊದಲಿನಿಂದ ಹಾಗೆಯೇ. ತಮ್ಮ ಹೇಳುವುದು: ಅಣ್ಣನ ಯಜಮಾನಿಕೆಯಲ್ಲಿ ಮೂವತ್ತು ವರ್ಷ ಕಬ್ಬಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿದ್ದರಿಂದ ನೆಲ ಕೆಟ್ಟಿತು. ಇಬ್ಬರಲ್ಲಿ ಯಾರ ಮಾತು ನಿಜ? ಅದನ್ನು ಹೇಳಬಲ್ಲ ಸಾಕ್ಷಿ ಜಗತ್ತಿನಲ್ಲಿ ಒಂದೇ ಒಂದಿತ್ತು. ಅದು ನನ್ನ ನೀರಿನ ದಫ್ತರ.

ನಮ್ಮ ಭಾಗದ ಕೇಳುಗರಿಗೆ ಸವಳು-ಜವಳಿನ ವಿಚಾರ ವಿವರಿಸಬೇಕಾಗಿಲ್ಲ. ದೂರದವರಿಗಾಗಿ ಒಂದು ಮಾತು. ಎರೆಯ ನೆಲದಲ್ಲಿ ನೀರು ಬೇಗ ಬಸಿದುಹೋಗುವುದಿಲ್ಲ. ವರ್ಷದುದ್ದಕ್ಕೂ ನೀರು ಹಾಯಿಸಿದರೆ ನೆಲದೊಳಗಿನ ನೀರಿನ ಮಟ್ಟ ಮೇಲೇರುತ್ತದೆ. ಬಿಸಿಲಿಗೆ ಮೇಲ್ಮೈಯ ನೀರು ಆವಿಯಾಗಿ, ಅದು ಹೊತ್ತು ತಂದ ಲವಣ ಅಲ್ಲಿಯೇ ಉಳಿಯುತ್ತದೆ. ಹೀಗೆ ಕಬ್ಬಿನ ಸಿರಿಯ ಬೆನ್ನಿಗೇ ಈ ಬಿಳಿಯ ಬಡತನವೂ ಕೃಷ್ಣಾ ದಂಡೆಗೆ ಬಂದಿತು. ನೀರಿನಲ್ಲಿ ಕರಗಿದ ಲವಣ ಹೆಚ್ಚಾದಂತೆ ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಪ್ರಯೋಗಾಲಯದ ಒಂದು ಸಾಮಾನ್ಯ ಉಪಕರಣದಿಂದ ಅದನ್ನು ಅಳೆಯಬಹುದು. ನಾನು ಹುಮ್ಮಸ್ಸಿನ ತರುಣನಾಗಿದ್ದಾಗ ಹಳ್ಳಿಗಳಿಂದ ಬರುವ ಹುಡುಗರಿಗೆ ತಮ್ಮ ತಮ್ಮ ಬಾವಿಯ ನೀರು ತರಲು ಹೇಳಿ, ಒಂಬತ್ತು ವರ್ಷ ಅಳೆದು ಬರೆಸಿದ್ದೆ. ನಾಲ್ಕು ದಫ್ತರಗಳಾಗಿದ್ದವು.

ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋದಾಗ ಅವುಗಳಲ್ಲಿ ಮೂರು ರದ್ದಿ ಕಾಗದದವನ ತಕ್ಕಡಿಗೆ ಹೋದವು. ಹಾಗೆ ಹಾಕಿದವರನ್ನು ನಾನು ಆಗ ಬಹಳ ಬೈದಿದ್ದೆ. ಆದರೆ ದೈವವಶಾತ್ ಒಂದು ದಫ್ತರ ನನ್ನ ಮನೆಯ ಅಟ್ಟದ ಮೇಲೆ ಉಳಿದಿತ್ತು. ಏಣಿ ಹಾಕಿ ಇಳಿಸಿದೆವು, ಧೂಳು ಕೊಡವಿದೆವು. 1987 ಇತ್ತು! ಅವರ ಹೆಸರೂ ಇತ್ತು. ಮುಂದೆ ‘ನಮ್ಮ ಬಾವಿ’ ಎಂದು ಬರೆದಿತ್ತು. ಅದರ ಮುಂದೆ ಒಂದು ಅಂಕಿ. ಅಷ್ಟೆ.

“ಯಾವ ಬಾವಿ? ನಿಮಗೆ ಎರಡಿದ್ದವಲ್ಲ?” ಎಂದೆ. ಅವರಿಗೆ ನೆನಪಿರಲಿಲ್ಲ. ಅದಕ್ಕಿಂತ ದೊಡ್ಡ ಲೋಪ ನನ್ನದೇ ಆಗಿತ್ತು. ನೀರಿನ ವಾಹಕತೆ ಉಷ್ಣತೆಯ ಒಂದೊಂದು ಡಿಗ್ರಿಗೆ ನೂರಕ್ಕೆ ಸುಮಾರು ಎರಡರಂತೆ ಏರುತ್ತದೆ. ನಮ್ಮಲ್ಲಿ ಜನವರಿಯ ಮುಂಜಾನೆ ಅಳೆದ ನೀರಿಗೂ ಏಪ್ರಿಲ್ ಮಧ್ಯಾಹ್ನ ಅಳೆದ ಅದೇ ನೀರಿಗೂ ಮೂರನೆಯ ಒಂದು ಪಾಲಿನಷ್ಟು ಅಂತರ ಬಂದೀತು. ದಫ್ತರದಲ್ಲಿ ತಿಂಗಳೂ ಇರಲಿಲ್ಲ, ಉಷ್ಣತೆಯೂ ಇರಲಿಲ್ಲ. ರದ್ದಿಗೆ ಹೋದ ಮೂರು ದಫ್ತರಗಳಿಗೂ ಉಳಿದ ಈ ಒಂದಕ್ಕೂ ಏನು ಭೇದ? ಹಾಗೆ ನೋಡಿದರೆ ರದ್ದಿಯವನು ಅವುಗಳಿಗೆ ತಕ್ಕ ಬೆಲೆಯನ್ನೇ ಕೊಟ್ಟಿದ್ದನು.

ಅವರು ಏನೂ ಅನ್ನಲಿಲ್ಲ. “ಇರ್ಲಿ ಬಿಡ್ರಿ ಸರ” ಎಂದು ಎದ್ದು ಹೋದರು. ವಾಟಣಿ ಹಿರಿಯರು ಹೇಳಿದಂತೆ ಮುಗಿಯಿತೆಂದು ಆಮೇಲೆ ಕೇಳಿದೆ. ತಗ್ಗಿನ ಹೊಲ ಇವರಿಗೇ ಬಂತು.

ಆ ದಿನಗಳಲ್ಲಿ ನನ್ನ ಮೇಜಿನ ಮೇಲೆ ಗ್ರಂಥಾಲಯದಿಂದ ತಂದ ಒಂದು ದಪ್ಪ ಪುಸ್ತಕವಿತ್ತು. ಅದರ ಹೆಸರು ‘ತಿಲೋಯಪಣ್ಣತ್ತಿ’, ಎಂದರೆ ಮೂರು ಲೋಕಗಳ ನಿರೂಪಣೆ. ಯತಿವೃಷಭರೆಂಬ ಪ್ರಾಚೀನ ಜೈನಾಚಾರ್ಯರು ಪ್ರಾಕೃತದಲ್ಲಿ ರಚಿಸಿದ ಗ್ರಂಥ. ಅದರಲ್ಲಿ ಗಣಿತ ತುಂಬ ಇದೆಯೆಂದು ಯಾರೋ ಹೇಳಿದ್ದರಿಂದ ಕುತೂಹಲಕ್ಕೆ ತಂದಿದ್ದೆ. ಸಂಪಾದಕರ ಹೆಸರುಗಳನ್ನು ನೋಡಿ ಬೆರಗಾಯಿತು: ಹೀರಾಲಾಲ್ ಜೈನ್ ಅವರ ಜೊತೆಗೆ ಆ. ನೇ. ಉಪಾಧ್ಯೆ. ಈ ಉಪಾಧ್ಯೆಯವರು ನಮ್ಮ ಚಿಕ್ಕೋಡಿ ತಾಲ್ಲೂಕಿನ, ದೂಧಗಂಗೆಯ ದಂಡೆಯ ಸದಲಗಾದವರು!

ಆದಿನಾಥ ನೇಮಿನಾಥ ಉಪಾಧ್ಯೆಯವರು ಹುಟ್ಟಿದ್ದು 1906ರ ಫೆಬ್ರವರಿ 6ರಂದು. ಆಗ ನಮ್ಮದೆಲ್ಲ ಮುಂಬಯಿ ಇಲಾಖೆ. ಮನೆಯ ಮಾತು ಒಂದಾದರೆ ಸಂತೆಯ ಮಾತು ಇನ್ನೊಂದಾಗಿರುವ ಈ ನೆಲದಿಂದ ಹೊರಟ ಅವರು 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ. ಎ. ಮುಗಿಸಿ, ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1962ರವರೆಗೆ ಅಲ್ಲಿಯೇ ಕಲಿಸಿದರು. 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ದೀರ್ಘವಾದ ಪೀಠಿಕೆಯೊಡನೆ ಸಂಪಾದಿಸಿ ಹೊರತಂದಾಗ ಅವರ ವಯಸ್ಸು ಇಪ್ಪತ್ತೊಂಬತ್ತು. 1939ರಲ್ಲಿ ಡಿ. ಲಿಟ್. ಬಂತು. 1966ರಲ್ಲಿ ಅಲೀಗಢದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೆ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿದ್ದರು. 1975ರಲ್ಲಿ ತೀರಿಕೊಂಡರು. ದೊಡ್ಡ ರಾಜಧಾನಿಯ ಪ್ರಯೋಗಾಲಯವಾಗಲಿ ಪ್ರಚಂಡ ಅನುದಾನವಾಗಲಿ ಈ ಬದುಕಿನಲ್ಲಿ ಕಾಣುವುದಿಲ್ಲ. ಒಂದು ಜಿಲ್ಲಾ ಸ್ಥಳದ ಕಾಲೇಜಿನ ನೌಕರಿ, ಅಂಚೆಯ ಸೌಕರ್ಯ, ದೂರದ ಭಂಡಾರಗಳಿಂದ ಬಂದ ಹಸ್ತಪ್ರತಿಗಳು. ಇವಿಷ್ಟೇ ಅವರ ಬಂಡವಾಳ.

ಮೊದಲು ಪುಸ್ತಕದೊಳಗಿನ ವಿಷಯ ನೋಡೋಣ. ‘ತಿಲೋಯಪಣ್ಣತ್ತಿ’ ವಿಶ್ವದ ಆಕಾರವನ್ನು ಹೇಳಿ, ಅದರ ಘನಫಲವನ್ನು ಲೆಕ್ಕ ಹಾಕುತ್ತದೆ. ರಜ್ಜು ಎಂಬುದೊಂದು ಮಹಾಮಾನ. ಅಧೋಲೋಕದ ಅಗಲ ಬುಡದಲ್ಲಿ 7 ರಜ್ಜು. ಮೇಲೇರುತ್ತ ಕಿರಿದಾಗಿ 1 ರಜ್ಜು. ಎತ್ತರ 7, ದಪ್ಪ 7. ಅಗಲದ ಸರಾಸರಿ 4 ಆಯಿತು. 4ನ್ನು 7ರಿಂದಲೂ ಮತ್ತೆ 7ರಿಂದಲೂ ಗುಣಿಸಿದರೆ 196. ಊರ್ಧ್ವಲೋಕ 1 ರಜ್ಜುವಿನಿಂದ ಆರಂಭವಾಗಿ ನಡುವೆ 5ಕ್ಕೆ ಹಿಗ್ಗಿ ಮತ್ತೆ 1ಕ್ಕೆ ಕುಗ್ಗುತ್ತದೆ. ಸರಾಸರಿ 3, ಫಲ 147. ಎರಡೂ ಸೇರಿ 343. ಅದು ಏಳರ ಘನ! ಕಾಗದ ಪೆನ್ಸಿಲು ಹತ್ತಿರವಿರುವ ಕೇಳುಗರು ಮಾಡಿ ನೋಡಬಹುದು. ವಿಶ್ವ ಹಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಒಂದು ಆಕಾರವನ್ನು ಒಪ್ಪಿಕೊಂಡ ಮೇಲೆ ಅದರ ಫಲವನ್ನು ಕೈಬಿಡದೆ ಲೆಕ್ಕ ಹಾಕುವ ಶಿಸ್ತು ಮಾತ್ರ ನನ್ನ ಮನಸ್ಸನ್ನು ಹಿಡಿಯಿತು.

ಜಂಬೂದ್ವೀಪದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅದರ ವ್ಯಾಸ ಒಂದು ಲಕ್ಷ ಯೋಜನ. ಪರಿಧಿ ತಿಳಿಯಲು ಹತ್ತರ ವರ್ಗಮೂಲದಿಂದ ಗುಣಿಸುತ್ತಾರೆ: 316227 ಯೋಜನ, ಅದರ ಮೇಲೆ ಉಳಿದ ಕ್ರೋಶ, ದಂಡ, ಅಂಗುಲಗಳವರೆಗೂ ಲೆಕ್ಕ ಇಳಿಯುತ್ತದೆ. ನಾವಿಂದು ಬಳಸುವ ಪರಿಧಿ-ವ್ಯಾಸದ ಅನುಪಾತ ಹಿಡಿದರೆ ಬರುವುದು ಸುಮಾರು 314159. ಅಂಗುಲದವರೆಗೆ ಹೋದ ಲೆಕ್ಕ ಎರಡು ಸಾವಿರ ಯೋಜನದಷ್ಟು ಹೆಚ್ಚಾಗಿತ್ತು! ನಗಬೇಡಿ. ಅಡಿಪಟ್ಟಿಯಿಂದ ಒರಟಾಗಿ ಅಳೆದು, ಯಂತ್ರದಲ್ಲಿ ಭಾಗಿಸಿ, ಎಂಟು ದಶಾಂಶ ಸ್ಥಾನಗಳವರೆಗೆ ಉತ್ತರ ಬರೆದು ತರುವ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷ ಕಂಡಿದ್ದೇನೆ.

ಇಂಥ ಗ್ರಂಥಗಳನ್ನು ಹಿಡಿದು ‘ಇಂದಿನ ಪರಮಾಣು ವಿಜ್ಞಾನವೆಲ್ಲ ನಮ್ಮಲ್ಲಿ ಆಗಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ‘ಪ್ರವಚನಸಾರ’ದಲ್ಲಿ ಪರಮಾಣುಗಳು ಸ್ನಿಗ್ಧ-ರೂಕ್ಷ ಗುಣಗಳಿಂದ, ಅಂಶಗಳಲ್ಲಿ ಎರಡರ ಅಂತರವಿದ್ದಾಗ ಕೂಡುತ್ತವೆಂಬ ಮಾತಿದೆ. ಅದನ್ನೇ ಧನ-ಋಣ ವಿದ್ಯುತ್ತೆಂದು ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಹಾಗೆ ಹೇಳುವುದು ಆ ಆಚಾರ್ಯರಿಗೂ ನ್ಯಾಯವಲ್ಲ, ಭೌತಶಾಸ್ತ್ರಕ್ಕೂ ನ್ಯಾಯವಲ್ಲ ಎಂದೇ ನನ್ನ ಭಾವನೆ. ಅದು ತನ್ನ ಕಾಲದ ತತ್ತ್ವವಿಚಾರ. ಅದನ್ನು ಅದರ ಮಾತಿನಲ್ಲಿಯೇ ತಿಳಿಯಬೇಕು. ತಿಳಿಯಬೇಕಾದರೆ ಮೊದಲು ಪಾಠ ಶುದ್ಧವಾಗಿರಬೇಕು. ಉಪಾಧ್ಯೆಯವರು ಆಯುಷ್ಯ ಸವೆಸಿದ್ದು ಆ ಶುದ್ಧಿಗಾಗಿ.

ಈಗ ಪುಟದ ಕೆಳಭಾಗಕ್ಕೆ ಬರುತ್ತೇನೆ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಪಾಠಾಂತರಗಳಿವೆ: ಇಂಥ ಪ್ರತಿಯಲ್ಲಿ ಹೀಗಿದೆ, ಇಂಥದರಲ್ಲಿ ಹಾಗಿದೆ, ಎಂದು. ಸಂಪಾದಕರು ತಮಗೆ ಸರಿಕಂಡ ಪಾಠವನ್ನು ಮೇಲೆ ಇಟ್ಟಿದ್ದಾರೆ, ಬಿಟ್ಟದ್ದನ್ನು ಬಚ್ಚಿಟ್ಟಿಲ್ಲ. ಯಾವ ಪ್ರತಿ, ಎಲ್ಲಿಯದು, ಓಲೆಯೋ ಕಾಗದವೋ, ಎಷ್ಟು ಹಳೆಯದು, ಎಲ್ಲೆಲ್ಲಿ ಸವೆದಿದೆ ಎಂಬ ವರದಿ ಪೀಠಿಕೆಯಲ್ಲಿ ಬರುತ್ತದೆ. ಕ್ರಿ.ಶ. 779ರ ‘ಕುವಲಯಮಾಲಾ’ ಎಂಬ ಪ್ರಾಕೃತ ಕಥೆಯನ್ನು ಅವರು ಸಂಪಾದಿಸಿದಾಗ ಆಧಾರಕ್ಕೆ ಇದ್ದವು ಎರಡೇ ಪ್ರತಿಗಳು: ಜೈಸಲ್ಮೇರಿನ ತಾಳೆಯೋಲೆ ಒಂದು, ಪುಣೆಯ ಕಾಗದದ ಪ್ರತಿ ಒಂದು. ಎರಡನ್ನೂ ಕಲಸಿ ಒಂದು ಚೆಂದದ ಮೂರನೆಯದನ್ನು ಮಾಡಿಬಿಡುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಎರಡು ಪ್ರತಿಗಳು ಎರಡಾಗಿಯೇ ಉಳಿದು ಓದುಗನ ಕಣ್ಣಿಗೆ ಬೀಳುತ್ತವೆ. ಮೂಲದ ಸಂಪುಟ 1959ರಲ್ಲಿ ಬಂತು. ಪೀಠಿಕೆ ಟಿಪ್ಪಣಿಗಳ ಸಂಪುಟ ಬಂದದ್ದು 1970ರಲ್ಲಿ. ಹನ್ನೊಂದು ವರ್ಷ!

ಆ ಅಡಿಟಿಪ್ಪಣಿಗಳನ್ನು ನೋಡುತ್ತ ಕುಳಿತಾಗ ನನ್ನ ದಫ್ತರದ ‘ನಮ್ಮ ಬಾವಿ’ ನೆನಪಾಯಿತು. ಯಾವ ಬಾವಿ, ಯಾವ ದಿನ, ಎಷ್ಟು ಉಷ್ಣತೆ ಎಂಬುದೇ ನನ್ನ ಹಸ್ತಪ್ರತಿ ವರದಿಯಾಗಬೇಕಿತ್ತು. ಪ್ರಾಕೃತ ಪಂಡಿತರೊಬ್ಬರು ಪಾಲಿಸಿದ್ದನ್ನು ಭೌತಶಾಸ್ತ್ರದ ಮಾಸ್ತರ ಪಾಲಿಸಲಿಲ್ಲ.

ಅದರಿಂದ ಆಗುವ ಲಾಭವೇನೆಂಬುದಕ್ಕೆ ‘ತಿಲೋಯಪಣ್ಣತ್ತಿ’ಯ ಮುಂದಿನ ಕಥೆಯೇ ಉತ್ತರ. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯ ಮೊದಲ ಗ್ರಂಥವಾಗಿ ಅದರ ಒಂದನೆಯ ಭಾಗ 1943ರಲ್ಲಿ, ಎರಡನೆಯದು 1951ರಲ್ಲಿ ಪ್ರಕಟವಾಯಿತು. 1980ರ ದಶಕದಲ್ಲಿ ಆರ್ಯಿಕಾ ವಿಶುದ್ಧಮತಿಯವರು ಪ್ರಾಚೀನ ಕನ್ನಡ ಪ್ರತಿಗಳ ಆಧಾರದಿಂದ ಅದೇ ಗ್ರಂಥದ ಹೊಸ ಆವೃತ್ತಿಯನ್ನು ಮೂರು ಸಂಪುಟಗಳಲ್ಲಿ ಸಿದ್ಧಪಡಿಸಿದರು. ಪ್ರಾಕೃತದ ಗ್ರಂಥ, ಹಿಂದಿಯ ಅನುವಾದ, ತಿದ್ದಲು ನೆರವಾದದ್ದು ಕನ್ನಡದ ಓಲೆ! ಮೊದಲ ಸಂಪಾದಕರು ತಮ್ಮ ಆಧಾರವೇನು, ತಮಗೆ ಸಂದೇಹ ಎಲ್ಲಿ ಎಂಬುದನ್ನು ಬರೆದಿಟ್ಟಿದ್ದರಿಂದ, ಹಿಂದೆ ಬಂದವರಿಗೆ ಎಲ್ಲಿ ಕೈಯಿಡಬೇಕೆಂಬುದು ತಿಳಿಯಿತು. ತಿದ್ದಿಸಿಕೊಳ್ಳುವ ಯೋಗ್ಯತೆಯಿರುವ ಕೃತಿಯನ್ನು ಬಿಟ್ಟುಹೋಗುವುದು ಸಣ್ಣ ಮಾತಲ್ಲ. ನನ್ನ ದಫ್ತರವನ್ನು ಯಾರೂ ತಿದ್ದಲಾರರು.

ಭೌತ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಸರಿಜೋಡಿಯಾದ ಪ್ರಸಂಗವೊಂದಿದೆ. ಇಂಗ್ಲೆಂಡಿನ ರ್‍ಯಾಲೆ ಎಂಬ ಭೌತಶಾಸ್ತ್ರಜ್ಞರು ಸಾರಜನಕವನ್ನು ತೂಗುತ್ತಿದ್ದರು. ಗಾಳಿಯಿಂದ ತೆಗೆದ ಸಾರಜನಕ ಒಂದು ಲೀಟರಿಗೆ ಸುಮಾರು 1.257 ಗ್ರಾಂ ತೂಗಿದರೆ, ರಾಸಾಯನಿಕ ಸಂಯುಕ್ತಗಳಿಂದ ತೆಗೆದದ್ದು 1.251 ಗ್ರಾಂ ಮಾತ್ರ. ನೂರಕ್ಕೆ ಅರ್ಧದಷ್ಟು ವ್ಯತ್ಯಾಸ. ಮತ್ತೊಬ್ಬರಾದರೆ ಸರಾಸರಿ ತೆಗೆದು ಮುಚ್ಚಿಬಿಡುತ್ತಿದ್ದರು. ಅವರು 1892ರಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ತಮಗೆ ಇದು ಬಗೆಹರಿಯದೆಂದೂ ಬಲ್ಲವರು ಸೂಚನೆ ಕೊಡಬೇಕೆಂದೂ ಕೇಳಿಕೊಂಡರು. ರ್‍ಯಾಮ್ಸೆ ಎಂಬ ರಸಾಯನಶಾಸ್ತ್ರಜ್ಞರು ಕೈಜೋಡಿಸಿದರು. 1894ರಲ್ಲಿ ಗಾಳಿಯೊಳಗೆ ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲ ಹೊರಬಿತ್ತು. ಸ್ವಾರಸ್ಯವಿರುವುದು ಇಲ್ಲಿ: 1785ರಲ್ಲಿಯೇ ಕ್ಯಾವೆಂಡಿಶ್ ತಮ್ಮ ಪ್ರಯೋಗದ ಕೊನೆಗೆ ಒಂದು ಸಣ್ಣ ಗುಳ್ಳೆ ಉಳಿಯಿತೆಂದೂ, ಅದು ಒಟ್ಟು ಸಾರಜನಕದ 120ನೆಯ ಒಂದು ಪಾಲಿಗಿಂತ ಹೆಚ್ಚಿರಲಾರದೆಂದೂ ಬರೆದಿಟ್ಟಿದ್ದರು. ಅದೇನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗದ ಗುಳ್ಳೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರು. ನೂರು ವರ್ಷದ ಮೇಲೆ ಅದು ಉಪಯೋಗಕ್ಕೆ ಬಂತು. ಆ ಗುಳ್ಳೆ ಒಂದು ಪಾಠಾಂತರವೇ ಸರಿ.

ಇನ್ನು ನಮ್ಮ ಶಿಕ್ಷಣದ ಮಾತು. ಇಲ್ಲಿ ನಾನು ಸ್ವಲ್ಪ ಕಟುವಾದರೆ ಕೇಳುಗರು ಮನ್ನಿಸಬೇಕು.

ಲೋಲಕದ ಪ್ರಯೋಗ ಎಲ್ಲರೂ ಮಾಡಿದ್ದೇವೆ. ದಾರಕ್ಕೆ ಗುಂಡು ಕಟ್ಟಿ ತೂಗಿಸಿ, ಭೂಮಿಯ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವುದು. ಪುಸ್ತಕದಲ್ಲಿ ಅಚ್ಚಾದ ಬೆಲೆ 981. ಎಚ್ಚರಿಕೆಯಿಂದ ಅಳೆದ ಹುಡುಗನಿಗೆ 978 ಬರುತ್ತದೆ. ಅವನಿಗೆ ಗಾಬರಿ. ಪಕ್ಕದವನ ಜರ್ನಲ್ ನೋಡುತ್ತಾನೆ, ಅಲ್ಲಿ 981 ಇದೆ. ಇವನೂ ಹಿಂದಿನಿಂದ ಲೆಕ್ಕ ಹಾಕಿ, ಆಂದೋಲನದ ಕಾಲವನ್ನು ಅಷ್ಟಿಷ್ಟು ತಿದ್ದಿ, 981 ಮಾಡುತ್ತಾನೆ. ನಾವು ಸಹಿ ಹಾಕುತ್ತೇವೆ. ನಿಜಾಂಶವೇನೆಂದರೆ ಭೂಮಿ ಸಮಭಾಜಕದ ಕಡೆಗೆ ಉಬ್ಬಿದೆ, ತಿರುಗುತ್ತಲೂ ಇದೆ. ಹದಿನಾರು ಡಿಗ್ರಿ ಅಕ್ಷಾಂಶದ, ಸಮುದ್ರಮಟ್ಟದಿಂದ ಐದಾರು ನೂರು ಮೀಟರು ಎತ್ತರದ ನಮ್ಮ ನೆಲದಲ್ಲಿ ಆ ಬೆಲೆ ಇರುವುದೇ 978ರ ಆಸುಪಾಸಿನಲ್ಲಿ. 981 ಯುರೋಪಿನ ಅಕ್ಷಾಂಶಕ್ಕೆ ಹತ್ತಿರದ ಬೆಲೆ. ತನ್ನ ಕಾಲ ಕೆಳಗಿನ ಭೂಮಿ ಹೇಳಿದ ನಿಜವನ್ನು ಹುಡುಗ ಅಳಿಸಿದ. ಅಳಿಸಿದ್ದಕ್ಕೆ ಹತ್ತಕ್ಕೆ ಹತ್ತು ಕೊಟ್ಟವನು ನಾನು. ಹೀಗೆ ಎಷ್ಟು ವರ್ಷ ಕೊಟ್ಟೆನೋ ಲೆಕ್ಕವಿಲ್ಲ. ಇಂಥ ತರಬೇತಿಯಿಂದ ಬಂದವರು ಮುಂದೆ ನೀರಿನ ದಫ್ತರ ಬರೆದರೆ ಅದು ಹೇಗಿದ್ದೀತು?

ವ್ಯಕ್ತಿಯ ಶಿಸ್ತು ಎಷ್ಟಿದ್ದರೂ ಕಾಯುವ ಮನೆಯೊಂದು ಬೇಕು. ಉಪಾಧ್ಯೆಯವರ ಬದುಕಿನಲ್ಲಿ ಈ ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸೊಲ್ಲಾಪುರದ ಗ್ರಂಥಮಾಲೆಗೂ, ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಗೂ ಅವರು ಹೀರಾಲಾಲರೊಡನೆ ಪ್ರಧಾನ ಸಂಪಾದಕರಾಗಿದ್ದರು. ಬೇರೆಯವರ ಪುಸ್ತಕಗಳ ಮೇಲೆ ಅವರು ಕಳೆದ ಕಾಲ ತಮ್ಮ ಸ್ವಂತ ಪುಸ್ತಕಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಆದರೆ ಗ್ರಂಥಮಾಲೆಯೆಂಬ ಆ ವ್ಯವಸ್ಥೆ ಇಲ್ಲದಿದ್ದರೆ ಒಬ್ಬ ಪಂಡಿತರ ಟಿಪ್ಪಣಿ ಚೀಟಿಗಳು ನನ್ನ ದಫ್ತರಗಳ ದಾರಿಯನ್ನೇ ಹಿಡಿಯುತ್ತಿದ್ದವು.

ನಮ್ಮಲ್ಲಿ ಬರೆದಿಡುವ ಸಂಸ್ಥೆಗಳು ಇಲ್ಲವೇ ಇಲ್ಲವೆಂದಲ್ಲ. ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿಯಿದೆ. ಕಾರ್ಖಾನೆಯೆಂದ ಮೇಲೆ ಕಬ್ಬಿನ ರಸದ ಸಾಂದ್ರತೆ, ಸಕ್ಕರೆಯ ಇಳುವರಿ ಇವುಗಳ ಲೆಕ್ಕ ದಿನದಿನವೂ ನಡೆಯಲೇಬೇಕು; ಹಣದ ಪ್ರಶ್ನೆ ಬಂದಲ್ಲಿ ಯಾರೂ ಉಷ್ಣತೆ ಬರೆಯಲು ಮರೆಯುವುದಿಲ್ಲ! ನಿಪ್ಪಾಣಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರ ಬೀಡಿ ತಂಬಾಕಿನ ತಳಿಗಳನ್ನು ಅಭ್ಯಸಿಸಿದೆ. ಆದರೆ ಎಲೆಯನ್ನು ಬೆರಳಿನಲ್ಲಿ ತಿಕ್ಕಿ ಮೂಸಿ ಜಾತಿ ಹೇಳುವ ನಿಪ್ಪಾಣಿಯ ಹಿರಿಯರ ಜ್ಞಾನವನ್ನು ಯಾರು ಬರೆದರು? ಅಥಣಿಯ ಚರ್ಮಕುಶಲಿಗಳು ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ತೊಗಲು ಹದಮಾಡುವುದು ಒಂದು ರಸಾಯನಶಾಸ್ತ್ರವೇ. ಎಷ್ಟು ದಿನ, ಯಾವ ಋತುವಿನಲ್ಲಿ, ಯಾವ ನೀರು ಎಂಬುದು ಅವರ ಕೈಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಮಹಾರಾಷ್ಟ್ರದ ನಾಲ್ಕು ಹಾಗೂ ನಮ್ಮ ನಾಲ್ಕು ಜಿಲ್ಲೆಗಳನ್ನು ಸೇರಿಸಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ, ಕೆಲಸದ ಕ್ರಮವನ್ನು ಅರ್ಜಿಯಲ್ಲಿ ವಿವರಿಸಬೇಕಾಯಿತು. ಹೆಸರಿನ ಹಕ್ಕಿಗಾಗಿಯಾದರೂ ಬರೆದರಲ್ಲ ಎಂದು ನನಗೆ ಸಂತೋಷವೇ ಆಯಿತು.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದ ಮೇಲೆ ನಮ್ಮ ಹುಡುಗರಿಗೆ ಪಿಎಚ್. ಡಿ. ಹತ್ತಿರವಾಗಿದೆ. ಪ್ರಬಂಧಗಳ ಸಂಖ್ಯೆ ಏರುತ್ತಿದೆ. ಅಧ್ಯಾಪಕರನ್ನು ಪ್ರಬಂಧಗಳ ಎಣಿಕೆಯಿಂದ ಅಳೆಯುವ ಪದ್ಧತಿ ಎಲ್ಲೆಡೆ ಬಂದಿದೆ. ಹಾಗೆ ಎಣಿಸಿದ್ದರೆ ಒಂದು ‘ಕುವಲಯಮಾಲಾ’ಕ್ಕೆ ಹನ್ನೊಂದು ವರ್ಷ ಹಿಡಿದವರ ಗತಿ ಏನಾಗುತ್ತಿತ್ತೋ! ಇದನ್ನು ನಾನು ಯಾವ ಅಧಿಕಾರಿಯ ಮುಂದೆಯೂ ಹೇಳಿಲ್ಲ. ಬಾನುಲಿಯ ಮುಂದೆ ಧೈರ್ಯ ಬಂದಿದೆ.

ಈಗ ನನ್ನ ಬಳಿ ಹೊಸ ದಫ್ತರವೊಂದಿದೆ. ಹಳೆಯ ವಿದ್ಯಾರ್ಥಿ ಎದ್ದುಹೋದ ಮರುದಿನವೇ ಅಥಣಿಯ ಪೇಟೆಯಿಂದ ತಂದದ್ದು. ಅದರಲ್ಲಿ ಸರ್ವೆ ನಂಬರು, ಬಾವಿಯೋ ಬೋರೋ, ಆಳ, ತಾರೀಖು, ಹೊತ್ತು, ನೀರಿನ ಉಷ್ಣತೆ, ಅಳೆದವರ ಸಹಿ, ಇಷ್ಟು ಅಂಕಣಗಳಿವೆ. ಕೊನೆಯಲ್ಲಿ ಒಂದು ಅಗಲವಾದ ಅಂಕಣ ‘ಸಂದೇಹ’ ಎಂದು. ಎರಡು ಪ್ರತಿ ಬರೆಯುತ್ತೇವೆ. ಒಂದು ನನ್ನಲ್ಲಿ, ಒಂದು ಹಳ್ಳಿಯ ಗ್ರಂಥಾಲಯದಲ್ಲಿ. ಬರೆಯುವವರಲ್ಲಿ ಆ ಹಳೆಯ ವಿದ್ಯಾರ್ಥಿಯ ಮಗನೂ ಇದ್ದಾನೆ. ಬಿ. ಎಸ್ಸಿ. ಓದುತ್ತಿದ್ದಾನೆ.

ಕಳೆದ ವಾರ ಅವನು ತಮ್ಮ ತಗ್ಗಿನ ಹೊಲದ ಬಾವಿಯ ನೀರು ಅಳೆದ. ಹೋದ ತಿಂಗಳಿಗಿಂತ ಅಂಕಿ ಕಡಿಮೆ ಬಂತು. ಮಳೆಯಾಗಿರಲಿಲ್ಲ, ಇಳಿಯಲು ಕಾರಣ ಕಾಣಲಿಲ್ಲ. “ಅಜ್ಜಾರ, ನಾ ತಪ್ಪಿದೆ ಅನಸ್ತದ, ಹೊಡದು ಹಾಕ್ಲಿ ಏನ್ರಿ?” ಎಂದು ಪೆನ್ನು ಎತ್ತಿದ. ನಾನು ಕೈಹಿಡಿದೆ. ಮತ್ತೆ ಅಳೆದೆವು, ಎರಡನೆಯ ಅಂಕಿ ಬೇರೆಯೇ ಬಂತು. ಎರಡನ್ನೂ ಬರೆದು, ‘ಸಂದೇಹ’ದ ಅಂಕಣದಲ್ಲಿ ‘ಬಾಟಲಿ ಬದಲಾಗಿರಬಹುದೇ? ಪಕ್ಕದ ಹೊಲದವರು ಹೊಸದಾಗಿ ಬಸಿಗಾಲುವೆ ತೆಗೆದಿದ್ದಾರೆ, ನೋಡಬೇಕು’ ಎಂದು ಅವನೇ ಬರೆದ. ಶನಿವಾರ ಉಷ್ಣತಾಮಾಪಕ ತೆಗೆದುಕೊಂಡು ಇಬ್ಬರೂ ಆ ಬಾವಿಗೆ ಹೋಗುವವರಿದ್ದೇವೆ.